ನೋವಿನ ಜೀನ್: ಓದು ಸೂಕ್ಷ್ಮ, ಅಳತೆ ಒರಟು

ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗದ ಕಡೆ ಬೆನ್ನುನೋವಿಗೆ ಒಂದೇ ಹೆಸರಿಲ್ಲ. ಕಬ್ಬಿನ ಹೊರೆ ಹೊತ್ತು ಸೊಂಟ ಬಿಗಿದುಕೊಂಡರೆ ‘ನಡಾ ಹಿಡದೈತಿ’ ಎನ್ನುತ್ತಾರೆ. ನೋವು ತೊಡೆಯ ಹಿಂಬದಿಯಿಂದ ಮೀನಖಂಡದವರೆಗೆ ಮಿಂಚಿನಂತೆ ಇಳಿದರೆ ‘ಚಳಕು ಹೊಡೀತೈತಿ’. ಪಾದದ ಮೇಲೆ ಇರುವೆ ಹರಿದಂತಾಗಿ ಸ್ಪರ್ಶವೇ ಮಂಕಾದರೆ ‘ಜೋಮು ಹಿಡದೈತಿ’. ಈ ಮೂರು ಮಾತು ಮೂರು ಬೇರೆ ಸಂಗತಿಗಳನ್ನು ಹೇಳುತ್ತವೆ. ಮೊದಲನೆಯದರಲ್ಲಿ ಬಹುಮಟ್ಟಿಗೆ ಸ್ನಾಯು ಮತ್ತು ಕೀಲುಗಳ ಬಿಗಿತವಿದೆ. ಎರಡನೆಯದರಲ್ಲಿ ನರದ ಬೇರು ಕೆರಳಿದೆ. ಮೂರನೆಯದರಲ್ಲಿ ನರದ ಕೆಲಸಕ್ಕೇ ಧಕ್ಕೆ ಬಂದಿದೆ. ಆದರೆ ಆಸ್ಪತ್ರೆಯ ಚೀಟಿಯ ಮೇಲೆ ಇವೆಲ್ಲ ಕೂಡಿ ಒಂದೇ ಅಂಕಿಯಾಗುತ್ತವೆ: ‘ನೋವು, 10ಕ್ಕೆ 7’.

ದೀರ್ಘಕಾಲದ ನೋವಿಗೂ ನಮ್ಮ ಜೀನುಗಳಿಗೂ ಇರುವ ಸಂಬಂಧವನ್ನು ಹುಡುಕುವ ಸಂಶೋಧನೆ ಬಹುಪಾಲು ನಿಂತಿರುವುದು ಇಂಥ ಅಂಕಿಯ ಮೇಲೆ. ಒಂದೇ ಬಗೆಯ ಬೆನ್ನಿನ ಶಸ್ತ್ರಚಿಕಿತ್ಸೆಯಾದ ಇಬ್ಬರಲ್ಲಿ ಒಬ್ಬರು ಎರಡು ತಿಂಗಳಲ್ಲಿ ಹೊಲಕ್ಕೆ ಹೋಗುತ್ತಾರೆ, ಇನ್ನೊಬ್ಬರು ವರ್ಷವಾದರೂ ಹಾಸಿಗೆ ಬಿಟ್ಟೇಳುವುದಿಲ್ಲ. ಈ ವ್ಯತ್ಯಾಸ ಹುಟ್ಟಿನಿಂದಲೇ ಬಂದದ್ದೇ? ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ಈವರೆಗೆ ಬಂದಿರುವ ಉತ್ತರಗಳನ್ನು, ಅಳತೆಯೇ ಕಸುಬಾಗಿರುವ ಭೌತವಿಜ್ಞಾನದ ಕಡೆಯಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಒಂದೇ ವರ್ಷದ ಎರಡು ಪ್ರಬಂಧಗಳು

2006ರ ನವೆಂಬರ್‌ನಲ್ಲಿ ‘ನೇಚರ್ ಮೆಡಿಸಿನ್’ ಪತ್ರಿಕೆಯಲ್ಲಿ ಇರ್ಮ್‌ಗಾರ್ಡ್ ಟೆಗೆಡರ್, ಕ್ಲಿಫರ್ಡ್ ವೂಲ್ಫ್ ಮತ್ತು ಸಂಗಡಿಗರ ಪ್ರಬಂಧವೊಂದು ಪ್ರಕಟವಾಯಿತು. ಅದರ ತಿರುಳು ಹೀಗಿದೆ. ನರಕ್ಕೆ ಪೆಟ್ಟಾದಾಗ ಬೆನ್ನುಹುರಿಯ ಪಕ್ಕದಲ್ಲಿರುವ ಸಂವೇದಿ ನರಕೋಶಗಳಲ್ಲಿ ಜಿಸಿಎಚ್1 ಎಂಬ ಜೀನ್ ಚುರುಕಾಗುತ್ತದೆ. ಅದು ರೂಪಿಸುವ ಕಿಣ್ವದಿಂದ ಟೆಟ್ರಾಹೈಡ್ರೋಬಯಾಪ್ಟೆರಿನ್ ಎಂಬ ಅಣು ಹೆಚ್ಚುತ್ತದೆ. ಡೋಪಮಿನ್, ಸೆರೊಟೋನಿನ್, ನೈಟ್ರಿಕ್ ಆಕ್ಸೈಡ್‌ಗಳ ತಯಾರಿಕೆಗೆ ಬೇಕಾದ ಸಹಾಯಕ ಅಣು ಇದು. ಇದು ಮಿತಿಮೀರಿದರೆ ನೋವಿನ ದಾರಿ ಅತಿಯಾಗಿ ಸೂಕ್ಷ್ಮವಾಗುತ್ತದೆ. ಇಲಿಗಳಲ್ಲಿ ಈ ಕಿಣ್ವವನ್ನು ತಡೆದಾಗ ನೋವಿನ ಲಕ್ಷಣಗಳು ತಗ್ಗಿದವು.

ಅಲ್ಲಿಂದ ಅವರು ಮನುಷ್ಯರ ಕಡೆಗೆ ತಿರುಗಿದರು. ಅಮೆರಿಕದ ಮೇಯ್ನ್ ರಾಜ್ಯದ ಬೆನ್ನುಮೂಳೆ ಅಧ್ಯಯನದಲ್ಲಿದ್ದ 168 ಮಂದಿಗೆ ಡಿಸ್ಕ್ ಶಸ್ತ್ರಚಿಕಿತ್ಸೆಯಾಗಿತ್ತು. ನಮ್ಮ ಕಡೆ ‘ಮಣಕದಾಗಿನ ಗಾದಿ ಸರದೈತಿ’ ಎನ್ನುತ್ತಾರಲ್ಲ, ಆ ಗಾದಿಯೇ ಡಿಸ್ಕ್. ಅದು ಹೊರಚಾಚಿ ನರವನ್ನು ಒತ್ತುತ್ತಿದ್ದರೆ ಚಾಚಿದ ಭಾಗವನ್ನು ತೆಗೆಯುತ್ತಾರೆ. ಶಸ್ತ್ರಚಿಕಿತ್ಸೆಯ ನಂತರದ ಒಂದು ವರ್ಷದಲ್ಲಿ ಯಾರಿಗೆ ಕಾಲುನೋವು ಉಳಿಯಿತು, ಯಾರಿಗೆ ಇಳಿಯಿತು ಎಂದು ನೋಡಿದಾಗ, ಜಿಸಿಎಚ್1 ಜೀನಿನ ಒಂದು ನಿರ್ದಿಷ್ಟ ಮಾದರಿ ಇದ್ದವರಿಗೆ ನೋವು ಕಡಿಮೆ ಉಳಿದಿತ್ತು. ಆ ಮಾದರಿಯ ಪ್ರಮಾಣ ಶೇ. 15.4.

ಅದೇ ವರ್ಷದ ಡಿಸೆಂಬರ್‌ನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಜೆಫ್ರಿ ವುಡ್ಸ್ ಅವರ ತಂಡ ಇನ್ನೊಂದು ಬಗೆಯ ಪ್ರಬಂಧ ಪ್ರಕಟಿಸಿತು. ಉತ್ತರ ಪಾಕಿಸ್ತಾನದ ಮೂರು ಕುಟುಂಬಗಳ ಕೆಲವು ಮಕ್ಕಳಿಗೆ ನೋವೇ ಆಗುತ್ತಿರಲಿಲ್ಲ. ಇವರ ಹುಡುಕಾಟಕ್ಕೆ ಮೊದಲಾದ ಬಾಲಕನು ಬೀದಿಯಲ್ಲಿ ಕೆಂಡದ ಮೇಲೆ ನಡೆದು ತೋರಿಸುತ್ತಿದ್ದನು. ಹದಿನಾಲ್ಕು ತುಂಬುವ ಮೊದಲೇ ಮಾಳಿಗೆಯಿಂದ ಹಾರಿ ತೀರಿಕೊಂಡನು. ಈ ಕುಟುಂಬಗಳಲ್ಲಿ ಕೆಟ್ಟಿದ್ದುದು ಎಸ್‌ಸಿಎನ್9ಎ ಎಂಬ ಒಂದೇ ಜೀನ್. ನೋವಿನ ನರತಂತುವಿನಲ್ಲಿ ಸೋಡಿಯಂ ಅಯಾನು ಒಳಬರುವ ಬಾಗಿಲನ್ನು ಅದು ಕಟ್ಟುತ್ತದೆ. ಬಾಗಿಲಿಲ್ಲದಿದ್ದರೆ ವಿದ್ಯುತ್ ಸಂಕೇತ ಹೊರಡುವುದೇ ಇಲ್ಲ.

ಎರಡನೆಯ ಪ್ರಬಂಧಕ್ಕೆ ನೋವಿನ ಅಂಕಿಯ ಅಗತ್ಯವೇ ಇರಲಿಲ್ಲ ಎಂಬುದನ್ನು ಓದುಗರು ಗಮನಿಸಬೇಕು. ನೋವಿದೆ ಅಥವಾ ಇಲ್ಲ, ಅಷ್ಟೇ. ಮೊದಲನೆಯದಕ್ಕೆ ‘ಎಷ್ಟು ನೋವು’ ಎಂಬ ಲೆಕ್ಕ ಬೇಕಾಗಿತ್ತು. ಪತ್ರಿಕೆಗಳು ಎರಡನ್ನೂ ‘ನೋವಿನ ಜೀನ್ ಪತ್ತೆ’ ಎಂಬ ಒಂದೇ ಧಾಟಿಯಲ್ಲಿ ಬರೆದುಬಿಡುತ್ತವೆ. ಗೊಂದಲ ಶುರುವಾಗುವುದು ಇಲ್ಲಿಂದ.

ನಾಲ್ಕು ಜನರ ಸರಾಸರಿ

ಶೇ. 15.4 ಎಂಬ ಅಂಕಿಯನ್ನು ಕೈಯಲ್ಲಿ ಹಿಡಿದು ಒಂದು ಸಣ್ಣ ಲೆಕ್ಕ ಮಾಡೋಣ. ಪ್ರತಿಯೊಬ್ಬರಲ್ಲಿ ಜೀನಿನ ಎರಡು ಪ್ರತಿಗಳಿರುತ್ತವೆ. ಎರಡೂ ರಕ್ಷಕ ಮಾದರಿಯಾಗಿರುವ ಸಂಭವನೀಯತೆ 0.154ರ ವರ್ಗ, ಅಂದರೆ 0.0237. ಇದನ್ನು 168ರಿಂದ ಗುಣಿಸಿದರೆ ಸುಮಾರು 4. ಒಂದು ಪ್ರತಿ ಮಾತ್ರ ಇರುವವರು ಸುಮಾರು 44. ಒಂದೂ ಇಲ್ಲದವರು ಸುಮಾರು 120. ಹಾರ್ಡಿ–ವೈನ್‌ಬರ್ಗ್ ನಿಯಮದ ಪ್ರಕಾರ ನಿರೀಕ್ಷಿಸಬೇಕಾದ ಹಂಚಿಕೆ ಇದು. (ಹಾರ್ಡಿ ಎಂದರೆ ರಾಮಾನುಜನ್ನರನ್ನು ಕೇಂಬ್ರಿಜ್‌ಗೆ ಕರೆಸಿಕೊಂಡ ಅದೇ ಗಣಿತಜ್ಞ.)

ಇನ್ನು ಅಳತೆಗೋಲು. 0ಯಿಂದ 10ರ ಮಾಪಕದಲ್ಲಿ ರೋಗಿಗೆ ನಿಜವಾಗಿ ಹಗುರವೆನಿಸಬೇಕಾದರೆ ಸುಮಾರು 2 ಅಂಕ ಇಳಿಯಬೇಕೆಂದು 2001ರಲ್ಲಿ ಫೆರಾರ್ ಮತ್ತು ಸಂಗಡಿಗರು ತೋರಿಸಿದರು. ವರ್ನಿಯರ್ ಕ್ಯಾಲಿಪರ್ ಹಿಡಿದ ಪಿಯುಸಿ ವಿದ್ಯಾರ್ಥಿಗೂ ನಾವು ಮೊದಲು ಕೇಳುವುದು ‘ಇದರ ಲೀಸ್ಟ್ ಕೌಂಟ್ ಎಷ್ಟು?’ ಎಂದು. ಹತ್ತು ಅಂಕದ ಈ ಮಾಪಕದಲ್ಲಿ ಎರಡು ಅಂಕಕ್ಕಿಂತ ಕಡಿಮೆ ವ್ಯತ್ಯಾಸಕ್ಕೆ ರೋಗಿಯ ಬದುಕಿನಲ್ಲಿ ಹೆಚ್ಚು ಅರ್ಥವಿಲ್ಲ. ವ್ಯಕ್ತಿಯಿಂದ ವ್ಯಕ್ತಿಗೆ ಅಂಕಿ ಎರಡೂವರೆಯಷ್ಟು ಏರುಪೇರಾಗುತ್ತದೆ ಎಂದಿಟ್ಟುಕೊಳ್ಳಿ. 120 ಜನರ ಸರಾಸರಿಯಲ್ಲಿ ದೋಷ 0.23ರಷ್ಟಾದರೆ, 4 ಜನರ ಸರಾಸರಿಯಲ್ಲಿ ಅದು 1.25. ನಾವು ಹುಡುಕುತ್ತಿರುವ 2 ಅಂಕದ ವ್ಯತ್ಯಾಸ ಅಂಥ ದೋಷದ ಮಂಜಿನಲ್ಲಿ ಅಷ್ಟಿಷ್ಟು ಮಾತ್ರ ಕಾಣಬಲ್ಲದು.

ಟೆಗೆಡರ್ ತಂಡ ಕೇವಲ ಈ ನಾಲ್ವರನ್ನು ನಂಬಿ ಕೂತಿರಲಿಲ್ಲ ಎಂಬುದನ್ನೂ ಹೇಳಬೇಕು. ಇಲಿಗಳ ಪ್ರಯೋಗ, ಆರೋಗ್ಯವಂತ ಸ್ವಯಂಸೇವಕರ ಮೇಲಿನ ಪರೀಕ್ಷೆ, ರಕ್ತಕಣಗಳ ಮೇಲಿನ ಪ್ರಯೋಗ ಎಲ್ಲವೂ ಅದರಲ್ಲಿದ್ದವು. ಯಾಂತ್ರಿಕತೆಯನ್ನು ತೋರಿಸುವ ಭಾಗವಂತೂ ಇಂದಿಗೂ ಗಟ್ಟಿಯಾಗಿದೆ. ಸಡಿಲವಾಗಿರುವುದು ಮನುಷ್ಯರಲ್ಲಿ ಮುನ್ಸೂಚನೆ ನೀಡಬಹುದೆಂಬ ಭಾಗ. 2007ರಲ್ಲೇ ಕಿಮ್ ಮತ್ತು ಡಿಯೊನ್ ಎಂಬ ಸಂಶೋಧಕರು ಏಳುನೂರಕ್ಕೂ ಹೆಚ್ಚು ಸ್ವಯಂಸೇವಕರಲ್ಲೂ ದವಡೆಹಲ್ಲು ಕೀಳಿಸಿಕೊಂಡವರಲ್ಲೂ ಈ ಜೀನಿನ ಪ್ರಭಾವವನ್ನು ಹುಡುಕಿದರು, ಸಿಗಲಿಲ್ಲ. 2010ರಲ್ಲಿ ಬೆನ್ನಿನ ಶಸ್ತ್ರಚಿಕಿತ್ಸೆಯಾದ ಒಂದು ಸಣ್ಣ ಗುಂಪಿನಲ್ಲಿ ಮತ್ತೆ ನಂಟು ಕಂಡಿತು. ಒಮ್ಮೆ ಕಂಡು ಒಮ್ಮೆ ಮರೆಯಾಗುವ ಪರಿಣಾಮ ಸುಳ್ಳೇ ಆಗಿರಬೇಕೆಂದಿಲ್ಲ. ಆದರೆ ಒಬ್ಬ ರೋಗಿಯ ಮುಂದೆ ಕುಳಿತು ಭವಿಷ್ಯ ಹೇಳಲು ಅದು ಸಾಲದು.

ಮಾದರಿಯ ಗಾತ್ರ ಹಿಗ್ಗಿಸಿದರೆ ಸಮಸ್ಯೆ ಬಗೆಹರಿಯುತ್ತದೆಯೇ? ಅದೂ ಆಗಿದೆ. 2018ರಲ್ಲಿ ಪ್ರದೀಪ್ ಸೂರಿ ಮತ್ತು ಸಂಗಡಿಗರು ಯುರೋಪ್ ಮೂಲದ ಸುಮಾರು 1,58,000 ಜನರ ಜೀನೋಮ್ ಜಾಲಾಡಿದರು. ದೀರ್ಘಕಾಲದ ಬೆನ್ನುನೋವಿಗೆ ತಳುಕು ಹಾಕಿಕೊಂಡ ತಾಣಗಳು ಸಿಕ್ಕಿದ್ದು ಮೂರೇ ಮೂರು. ಒಂದು ಮೃದ್ವಸ್ಥಿಯ ಬೆಳವಣಿಗೆಗೆ ಬೇಕಾದ ಸಾಕ್ಸ್5, ಇನ್ನೊಂದು ನರತಂತುಗಳಿಗೆ ದಾರಿ ತೋರಿಸುವ ಡಿಸಿಸಿ, ಮತ್ತೊಂದು ಎಂಟನೆಯ ಕ್ರೋಮೊಸೋಮಿನ ಒಂದು ಪ್ರದೇಶ. ಜಿಸಿಎಚ್1 ಅವುಗಳಲ್ಲಿ ಇರಲಿಲ್ಲ. ಮರುವರ್ಷ ಬ್ರಿಟನ್ನಿನ ಸುಮಾರು 3,87,000 ಜನರಲ್ಲಿ ಮೈಯ ಹಲವು ಕಡೆಯ ದೀರ್ಘಕಾಲದ ನೋವನ್ನು ಅಭ್ಯಸಿಸಿದ ಜಾನ್‌ಸ್ಟನ್ ತಂಡಕ್ಕೆ 39 ತಾಣಗಳು ದೊರೆತವು. ಆದರೆ ಸಾಮಾನ್ಯ ಜೀನ್ ವ್ಯತ್ಯಾಸಗಳೆಲ್ಲ ಸೇರಿ ವಿವರಿಸಿದ್ದು ಒಟ್ಟು ವ್ಯತ್ಯಾಸದ ಶೇ. 10ರಷ್ಟನ್ನು. ಹೆಚ್ಚು ಜನರನ್ನು ಸೇರಿಸಿದಂತೆ ಗದ್ದಲ ಕಡಿಮೆಯಾಗುತ್ತದೆ ನಿಜ. ಪ್ರಶ್ನಾವಳಿಯಲ್ಲಿ ಚಳಕನ್ನೂ ಜೋಮನ್ನೂ ಒಂದೇ ಗೂಡಿಗೆ ಹಾಕಿದ್ದರೆ ಆ ಬೆರಕೆ ಮಾತ್ರ ಲಕ್ಷ ಜನರಾದರೂ ಬೆರಕೆಯಾಗಿಯೇ ಉಳಿಯುತ್ತದೆ.

ಚಿಕಿತ್ಸೆಯೂ ಕಾಲವೂ

‘ಚೇತರಿಕೆ’ ಎಂಬುದನ್ನೂ ಪ್ರಶ್ನಿಸಬೇಕಾಗಿದೆ. ಡಿಸ್ಕ್ ಹೊರಚಾಚಿ ಕಾಲುನೋವು ಬರುತ್ತದೆಂದು ಬಾಸ್ಟನ್ನಿನ ಮಿಕ್ಸ್‌ಟರ್ ಮತ್ತು ಬಾರ್ ತೋರಿಸಿಕೊಟ್ಟದ್ದು 1934ರಲ್ಲಿ. ಶಸ್ತ್ರಚಿಕಿತ್ಸೆಯನ್ನೂ ಬೇರೆ ಆರೈಕೆಯನ್ನೂ ಎದುರುಬದುರು ಇಟ್ಟು ನಾರ್ವೆಯ ವೆಬರ್ 126 ರೋಗಿಗಳ ಫಲಿತಾಂಶ ಪ್ರಕಟಿಸಿದ್ದು 1983ರಲ್ಲಿ. ಒಂದು ವರ್ಷಕ್ಕೆ ಶಸ್ತ್ರಚಿಕಿತ್ಸೆಯಾದವರು ಮುಂದಿದ್ದರು. ನಾಲ್ಕನೆಯ ವರ್ಷಕ್ಕೆ ಅಂತರ ಗಣನೀಯವಾಗಿರಲಿಲ್ಲ. ಹತ್ತನೆಯ ವರ್ಷಕ್ಕೆ ಅಂತರವೇ ಇರಲಿಲ್ಲ. 2007ರಲ್ಲಿ ನೆದರ್ಲೆಂಡ್ಸ್‌ನ ಪ್ಯೂಲ್ ಮತ್ತು ಸಂಗಡಿಗರು 283 ರೋಗಿಗಳಲ್ಲಿ ಬೇಗನೆ ಶಸ್ತ್ರಚಿಕಿತ್ಸೆ ಮಾಡುವುದನ್ನೂ ಕಾದು ನೋಡುವುದನ್ನೂ ಹೋಲಿಸಿದರು. ಬೇಗ ಮಾಡಿಸಿಕೊಂಡವರ ಕಾಲುನೋವು ಬೇಗ ಇಳಿಯಿತು. ವರ್ಷದ ಕೊನೆಗೆ ಎರಡೂ ಗುಂಪಿನಲ್ಲಿ ಶೇ. 95ರಷ್ಟು ಮಂದಿ ಚೇತರಿಸಿಕೊಂಡಿದ್ದರು. ಕಾದವರಲ್ಲಿ ಶೇ. 39ರಷ್ಟು ಜನ ನಡುವೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರೆಂಬುದನ್ನೂ ಸೇರಿಸಿ ಓದಬೇಕು.

ಹೀಗಿರುವಾಗ ‘ಈ ಜೀನ್ ಇದ್ದವರು ಶಸ್ತ್ರಚಿಕಿತ್ಸೆಯ ನಂತರ ಚೇತರಿಸಿಕೊಂಡರು’ ಎಂಬ ವಾಕ್ಯದಲ್ಲಿ ಎಷ್ಟು ಪಾಲು ಜೀನಿನದು, ಎಷ್ಟು ಚಾಕುವಿನದು, ಎಷ್ಟು ಕಾಲದ್ದು? ಶಸ್ತ್ರಚಿಕಿತ್ಸೆ ಆಗದ ಅದೇ ಜೀನಿನವರನ್ನು ಪಕ್ಕದಲ್ಲಿ ನಿಲ್ಲಿಸದೆ ಇದನ್ನು ಹೇಳಲಾಗದು. ಬಹುತೇಕ ಪ್ರಬಂಧಗಳಲ್ಲಿ ಆ ಸಾಲು ಖಾಲಿ.

ಔಷಧದ ಕಡೆಯಿಂದಲೂ ಇದೇ ಪಾಠ. ಪಾಕಿಸ್ತಾನದ ಮಕ್ಕಳ ಕಥೆಯಿಂದ ಬಲಗೊಂಡ ಸೋಡಿಯಂ ಬಾಗಿಲಿನ ಸಂಶೋಧನೆ ಕೊನೆಗೆ ಫಲ ಕೊಟ್ಟಿತು. ನೆರೆಯ ಇನ್ನೊಂದು ಬಾಗಿಲನ್ನು ಮುಚ್ಚುವ ಸುಜೆಟ್ರಿಜಿನ್ ಎಂಬ ಔಷಧಕ್ಕೆ 2025ರ ಜನವರಿ 30ರಂದು ಅಮೆರಿಕದ ಎಫ್‌ಡಿಎ ಒಪ್ಪಿಗೆ ನೀಡಿತು, ತೀವ್ರವಾದ ತಾತ್ಕಾಲಿಕ ನೋವಿಗೆ. ಆದರೆ ಅದೇ ಔಷಧವನ್ನು ಬೆನ್ನಿನ ನರಬೇರಿನ ನೋವಿಗೆ ಪ್ರಯೋಗಿಸಿದ ಫಲಿತಾಂಶ 2024ರ ಡಿಸೆಂಬರ್‌ನಲ್ಲಿ ಹೊರಬಂದಾಗ, ಔಷಧ ಪಡೆದವರ ನೋವು ಸುಮಾರು 2 ಅಂಕ ಇಳಿದಿತ್ತು. ಬರೀ ಹುಸಿಗುಳಿಗೆ ನುಂಗಿದವರದೂ ಸುಮಾರು 2 ಅಂಕ ಇಳಿದಿತ್ತು! ಚಳಕು ತನ್ನಷ್ಟಕ್ಕೆ ಏರಿಳಿಯುವ ನೋವು. ಅದನ್ನು ಒಂದು ಅಂಕಿಯಲ್ಲಿ ಹಿಡಿಯಹೊರಟರೆ ಗುಳಿಗೆಯೂ ಹುಸಿಗುಳಿಗೆಯೂ ಒಂದೇ ಆಗಿ ಕಾಣುತ್ತವೆ.

ಹೊರೆಯ ಪಾಲು

ಇಲ್ಲಿಯವರೆಗಿನದು ಸಂಶೋಧಕರ ನಡುವಿನ ಚರ್ಚೆ. ಅದು ಊರಿನೊಳಕ್ಕೆ ಬಂದಾಗ ಏನಾಗುತ್ತದೆ ಎಂಬುದು ನನಗೆ ಹೆಚ್ಚು ಮುಖ್ಯ.

ಅವಳಿಗಳ ಅಧ್ಯಯನಗಳನ್ನು ತೆಗೆದುಕೊಳ್ಳಿ. 1995ರಲ್ಲಿ ಬ್ಯಾಟಿಯೆ, ವಿಡೆಮನ್ ಮತ್ತು ಸಂಗಡಿಗರು ಫಿನ್ಲೆಂಡಿನ 115 ಜೋಡಿ ಸಮರೂಪಿ ಗಂಡಸರ ಬೆನ್ನನ್ನು ಎಂಆರ್‌ಐನಲ್ಲಿ ನೋಡಿದರು. ಮೇಲ್ಸೊಂಟದ ಡಿಸ್ಕ್‌ಗಳ ಸವೆತದಲ್ಲಿ ಕಂಡ ವ್ಯತ್ಯಾಸದ ಶೇ. 7ರಷ್ಟನ್ನು ಮಾತ್ರ ದೈಹಿಕ ಹೊರೆ ವಿವರಿಸಿತು. ವಯಸ್ಸನ್ನು ಸೇರಿಸಿದರೆ ಶೇ. 16, ಕುಟುಂಬವನ್ನೂ ಸೇರಿಸಿದರೆ ಶೇ. 77. ಈ ಕೊನೆಯ ಅಂಕಿ ಬಹಳ ಕಡೆ ಉಲ್ಲೇಖವಾಗುತ್ತದೆ. ಅದೇ ಪ್ರಬಂಧದ ಇನ್ನೊಂದು ಸಾಲು ಅಷ್ಟಾಗಿ ಉಲ್ಲೇಖವಾಗುವುದಿಲ್ಲ: ಭಾರ ಅತ್ಯಧಿಕವಾಗಿ ಬೀಳುವ, ಶಸ್ತ್ರಚಿಕಿತ್ಸೆಯೂ ಬಹುಪಾಲು ನಡೆಯುವ ಕೆಳಸೊಂಟದ ಎರಡು ಡಿಸ್ಕ್‌ಗಳಲ್ಲಿ ಎಲ್ಲ ಅಂಶಗಳೂ ಸೇರಿ ವಿವರಿಸಿದ್ದು ಶೇ. 43 ಮಾತ್ರ. ಉಳಿದ ಅರ್ಧಕ್ಕೂ ಹೆಚ್ಚಿನದಕ್ಕೆ ಲೆಕ್ಕವೇ ಸಿಗಲಿಲ್ಲ.

ಅನುವಂಶೀಯತೆಯ ಶೇಕಡಾವಾರು ಬೆಳಕಿನ ವೇಗದಂಥ ಸ್ಥಿರಾಂಕವಲ್ಲ. ಅದು ಒಂದು ಸಮುದಾಯದೊಳಗಿನ ವ್ಯತ್ಯಾಸದ ಪಾಲು. ಎಲ್ಲರ ಕೆಲಸವೂ ಒಂದೇ ಬಗೆಯದಾಗಿರುವಲ್ಲಿ ಕೆಲಸದ ಪಾಲು ತಾನಾಗಿಯೇ ಕುಗ್ಗಿ ಜೀನಿನ ಪಾಲು ಹಿಗ್ಗುತ್ತದೆ. ತಂತಿಯ ವಿದ್ಯುತ್ ರೋಧವನ್ನು ಒಂದೇ ತಾಪದಲ್ಲಿ ಅಳೆದು ‘ತಾಪಕ್ಕೂ ರೋಧಕ್ಕೂ ಸಂಬಂಧವಿಲ್ಲ’ ಎಂದರೆ ಒಪ್ಪುತ್ತೇವೆಯೇ? ಜರ್ಮನಿಯ ವಿಲ್ಕೆ ಮತ್ತು ಸಂಗಡಿಗರು 1999ರಲ್ಲಿ ಒಬ್ಬ ಸ್ವಯಂಸೇವಕನ ಡಿಸ್ಕ್‌ನೊಳಗೇ ಒತ್ತಡಮಾಪಕ ಇಟ್ಟು ಅಳೆದರು. ಸುಮ್ಮನೆ ನಿಂತಾಗ 0.5 ಮೆಗಾಪಾಸ್ಕಲ್. ಬೆನ್ನು ಬಾಗಿಸಿ 20 ಕಿಲೋ ಎತ್ತಿದಾಗ 2.3 ಮೆಗಾಪಾಸ್ಕಲ್, ಅಂದರೆ ವಾಯುಮಂಡಲದ ಒತ್ತಡದ ಸುಮಾರು 23 ಪಟ್ಟು. ಮೊಣಕಾಲು ಮಡಿಸಿ ಎತ್ತಿದರೆ 1.7. ಒಬ್ಬನೇ ಮನುಷ್ಯ, ನಿಜ. ಆದರೆ ಅಳತೆಯ ಘಟಕ ಗಟ್ಟಿಯಾದದ್ದು, ಯಾರು ಅಳೆದರೂ ಅದೇ ಪಾಸ್ಕಲ್. ಕುಳಿತವನ ಬೆನ್ನುಮೂಳೆ ಸೆಕೆಂಡಿಗೆ ನಾಲ್ಕರಿಂದ ಆರು ಸಲದ ಕಂಪನಕ್ಕೆ ಅನುರಣಿಸುತ್ತದೆ. ಕಬ್ಬು ಹೇರಿದ ಟ್ರೇಲರ್ ಎಳೆದುಕೊಂಡು ಕೆಟ್ಟ ರಸ್ತೆಯಲ್ಲಿ ಹೋಗುವ ಟ್ರ್ಯಾಕ್ಟರಿನ ಆಸನ ಹೇಗೆ ಕುಣಿಯುತ್ತದೆಂದು ನೋಡಿದವರಿಗೆ ಈ ಅಂಕಿಯ ಮಹತ್ವ ಹೇಳಬೇಕಾಗಿಲ್ಲ.

ಬೈಲಹೊಂಗಲದ ಪೇಟೆಯಲ್ಲಿ ಹತ್ತಿ ಅಂಡಿಗೆ ಎತ್ತುವ ಹಮಾಲ, ರಾಮದುರ್ಗದಲ್ಲಿ ಕುಣಿಮಗ್ಗದ ಮುಂದೆ ಬಾಗಿ ಕೂತ ನೇಕಾರ, ಕಬ್ಬಿನ ಗ್ಯಾಂಗಿನಲ್ಲಿ ತಲೆಮೇಲೆ ಹೊರೆ ಹೊತ್ತು ಹಲಗೆ ಹತ್ತುವ ಹೆಣ್ಣುಮಗಳು ಇವರಿಗೆ ಯಾರಾದರೂ ‘ಇದು ನಿಮ್ಮ ರಕ್ತದಾಗ ಐತಿ’ ಎಂದುಬಿಟ್ಟರೆ ಏನಾಗುತ್ತದೆ? ಕೆಲಸ ಕೊಟ್ಟವರ ಹೊಣೆ ಕಳೆಯುತ್ತದೆ. ಹೊರೆಯ ತೂಕ ಇಳಿಸುವ, ಆಸನಕ್ಕೆ ಸ್ಪ್ರಿಂಗ್ ಹಾಕಿಸುವ, ಮಗ್ಗದ ಎತ್ತರ ಸರಿಪಡಿಸುವ ಮಾತು ನಿಂತುಹೋಗುತ್ತದೆ. ಇಂಥ ತೀರ್ಪಿಗೆ ಆಧಾರ ಫಿನ್ಲೆಂಡಿನ 115 ಜೋಡಿಗಳಲ್ಲಿ ಇಲ್ಲ.

ನಮ್ಮ ಜೀನು, ನಮ್ಮ ಮಾತು

ಭಾರತದ ಮಾಹಿತಿ ಇಲ್ಲವೇ? ಇದೆ, ಮತ್ತು ಅದು ನನ್ನ ವಾದಕ್ಕೆ ಬಲ ಕೊಡುತ್ತದೆ. ಕೊಯಮತ್ತೂರಿನ ಗಂಗಾ ಆಸ್ಪತ್ರೆಯ ಡಾ. ಎಸ್. ರಾಜಶೇಖರನ್ ಮತ್ತು ಸಂಗಡಿಗರು 2016ರಲ್ಲಿ 809 ರೋಗಿಗಳ ಅಧ್ಯಯನ ಪ್ರಕಟಿಸಿದರು. ಡಿಸ್ಕ್ ಸವೆತಕ್ಕೆ ಕಾರಣವೆಂದು ವರದಿಯಾಗಿರುವ ಜೀನುಗಳ ನಂಟು ಎಷ್ಟು ನಂಬಲರ್ಹ ಎಂಬುದೇ ಅವರ ಪ್ರಶ್ನೆ. ಸವೆತವನ್ನು ಯಾವ ಎಂಆರ್‌ಐ ಲಕ್ಷಣದಿಂದ ಗುರುತಿಸುತ್ತೇವೆ, ರೋಗಿಗಳ ವಯಸ್ಸೆಷ್ಟು, ಎಷ್ಟು ಜನರನ್ನು ಯಾವ ಕ್ರಮದಲ್ಲಿ ಸೇರಿಸಿದೆವು ಎಂಬುದನ್ನು ಬದಲಿಸಿದಂತೆ ‘ಕಾರಣ’ವಾದ ಜೀನುಗಳೂ ಬದಲಾದವು. ಕಣ್ಣಿಗೆ ಕಾಣುವ ಸವೆತದ ವಿಷಯದಲ್ಲೇ ಹೀಗಾದರೆ, ಕಣ್ಣಿಗೆ ಕಾಣದ ನೋವಿನ ಪಾಡೇನು?

ಜೀನ್ ಪರೀಕ್ಷೆಯೇ ನಿರುಪಯೋಗಿ ಎಂಬುದು ನನ್ನ ಅಭಿಪ್ರಾಯವಲ್ಲ. ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಒಂದೇ ಜೀನ್ ದೊಡ್ಡ ವ್ಯತ್ಯಾಸ ಮಾಡುವ ಉದಾಹರಣೆ ದಕ್ಷಿಣ ಭಾರತದಲ್ಲೇ ಇದೆ. ಅರಿವಳಿಕೆಯ ವೇಳೆ ಸ್ನಾಯು ಸಡಿಲಿಸಲು ಕೊಡುವ ಸಕ್ಸಿನೈಲ್‌ಕೋಲಿನ್ ಕೆಲವೇ ನಿಮಿಷಗಳಲ್ಲಿ ಕರಗಿಹೋಗಬೇಕು. ಅದನ್ನು ಒಡೆಯುವ ಬ್ಯುಟಿರಿಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವ ಹುಟ್ಟಿನಿಂದ ಇಲ್ಲದವರಲ್ಲಿ ಪರಿಣಾಮ ಗಂಟೆಗಟ್ಟಲೆ ಉಳಿದು, ಅಷ್ಟು ಹೊತ್ತೂ ಯಂತ್ರದಿಂದ ಉಸಿರಾಡಿಸಬೇಕಾಗುತ್ತದೆ. ಒಳಗೊಳಗೇ ಮದುವೆಯಾಗುತ್ತ ಬಂದ ಆರ್ಯವೈಶ್ಯ ಸಮುದಾಯದಲ್ಲಿ ಈ ಕೊರತೆ ಹೆಚ್ಚೆಂದು ತಿಳಿದಿದೆ. ಅದಕ್ಕೆ ಕಾರಣವಾದ ಜೀನ್ ಬದಲಾವಣೆಯೊಂದನ್ನು 2006ರಲ್ಲಿ ಗುರುತಿಸಲಾಯಿತು. ಇಲ್ಲಿ ಅಳೆಯಬೇಕಾದದ್ದು ನಿಮಿಷ ಮತ್ತು ಗಂಟೆ. ಗಡಿಯಾರ ಸುಳ್ಳು ಹೇಳುವುದಿಲ್ಲ. ‘ನಿಮ್ಮ ಮನೆಯಲ್ಲಿ ಯಾರಿಗಾದರೂ ಆಪರೇಶನ್ ಆದ ಮೇಲೆ ಎಚ್ಚರ ಬರಲು, ಉಸಿರಾಡಲು ತಡವಾಗಿತ್ತೇ?’ ಎಂಬ ಒಂದು ಪ್ರಶ್ನೆಯಿಂದಲೇ ಎಚ್ಚರಿಕೆ ಸಿಗಬಹುದು. ವೈದ್ಯರು ಬೇರೆ ಔಷಧ ಆರಿಸಿಕೊಳ್ಳಬಹುದು.

ಟ್ರಮಡಾಲ್, ಕೊಡೀನ್‌ಗಳಂಥ ನೋವುನಿವಾರಕಗಳದೂ ಹೀಗೆಯೇ. ಯಕೃತ್ತಿನ ಸಿವೈಪಿ2ಡಿ6 ಎಂಬ ಕಿಣ್ವ ಅವುಗಳನ್ನು ಬಲವಾದ ರೂಪಕ್ಕೆ ಬದಲಿಸಿದರೆ ಮಾತ್ರ ಸರಿಯಾಗಿ ಕೆಲಸ ಮಾಡುತ್ತವೆ. ಪುದುಚೇರಿಯ ಜಿಪ್ಮೆರ್ ಸಂಸ್ಥೆಯವರು ಕರ್ನಾಟಕವೂ ಸೇರಿದಂತೆ ದಕ್ಷಿಣದ ರಾಜ್ಯಗಳ ಜನರಲ್ಲಿ ಇದನ್ನು ಅಭ್ಯಸಿಸಿದ್ದಾರೆ. ನೂರಕ್ಕೆ ಎರಡರಿಂದ ಐದು ಮಂದಿಯಲ್ಲಿ ಈ ಕಿಣ್ವ ದುರ್ಬಲ. ಆಪರೇಶನ್ ಆದ ಮೂರನೆಯ ದಿನ ‘ಗುಳಿಗಿ ತಗೊಂಡರೂ ನೋವು ಹೋಗವಲ್ದು’ ಎನ್ನುವವರೆಲ್ಲ ನಾಟಕ ಮಾಡುತ್ತಿಲ್ಲ. ಕೆಲವರಿಗೆ ಆ ಗುಳಿಗೆ ಬರೀ ಗುಳಿಗೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ ಮುಂದಾಳುತನ ವಹಿಸಿದ ಜೀನೋಮ್ ಇಂಡಿಯಾ ಯೋಜನೆ ಸುಮಾರು ಹತ್ತು ಸಾವಿರ ಭಾರತೀಯರ ಜೀನೋಮ್ ಓದಿತು, 2025ರ ಜನವರಿಯಲ್ಲಿ ಆ ಮಾಹಿತಿ ಸಂಶೋಧಕರಿಗೆ ತೆರೆಯಿತು. ಇನ್ನು ಮುಂದೆ ಯುರೋಪಿನವರ ಪಟ್ಟಿಯನ್ನು ಎರವಲು ತರುವ ಅಗತ್ಯ ಕಡಿಮೆಯಾಗಲಿದೆ. ಎರವಲು ಉಳಿದಿರುವುದು ಪ್ರಶ್ನಾವಳಿ.

ಬೆನ್ನಿನ ರೋಗಿಗಳಿಗಾಗಿ ಜಗತ್ತಿನಾದ್ಯಂತ ಬಳಕೆಯಲ್ಲಿರುವ ಆಸ್ವೆಸ್ಟ್ರಿ ಪ್ರಶ್ನಾವಳಿಯಲ್ಲಿ ಹತ್ತು ವಿಭಾಗಗಳಿವೆ. ಕುಳಿತುಕೊಳ್ಳುವ ವಿಭಾಗ ಕೇಳುವುದು ಕುರ್ಚಿಯಲ್ಲಿ ಎಷ್ಟು ಹೊತ್ತು ಕೂರಬಲ್ಲಿರಿ ಎಂದು. ಕುಕ್ಕರಗಾಲಿನಲ್ಲಿ ಕೂತು ಕಳೆ ತೆಗೆಯಲಾದೀತೇ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಉಂಡು ಎದ್ದೇಳಲಾದೀತೇ, ತುಂಬಿದ ಕೊಡ ಟೊಂಕದ ಮೇಲೆ ಇಟ್ಟುಕೊಂಡು ನಡೆಯಲಾದೀತೇ ಎಂಬ ಪ್ರಶ್ನೆ ಅದರಲ್ಲಿಲ್ಲ. ಬೆಳಗಾವಿ, ಹುಬ್ಬಳ್ಳಿ, ಮಿರಜಗಳಿಗೆ ಬೆನ್ನು ತೋರಿಸಲು ಹೋಗುವ ನಮ್ಮ ತಾಲ್ಲೂಕುಗಳ ಜನರ ಚೇತರಿಕೆಯನ್ನು ಅಳೆಯಬೇಕಾದದ್ದು ಇಂಥ ಕೆಲಸಗಳಿಂದ. ಹಿಡಿತ, ಚಳಕು, ಜೋಮು ಮೂರಕ್ಕೂ ಬೇರೆ ಬೇರೆ ಸಾಲು, ಶಸ್ತ್ರಚಿಕಿತ್ಸೆಗೆ ಮೊದಲು ಒಮ್ಮೆ, ಆಮೇಲೆ ಆರು ವಾರಕ್ಕೆ, ಆರು ತಿಂಗಳಿಗೆ, ವರ್ಷಕ್ಕೆ ಒಮ್ಮೆ. ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳದೆ ಕಾದವರಿಗೂ ಅದೇ ಸಾಲುಗಳು. ಇದಕ್ಕೆ ಬೇಕಾದದ್ದು ಒಂದು ಹಾಳೆ, ಒಂದು ಪೆನ್ನು, ಈ ಭಾಗದ ಮಾತು ಬಲ್ಲ ಒಬ್ಬ ನರ್ಸ್. ರಕ್ತದ ಮಾದರಿಯನ್ನು ಶೀತಕದಲ್ಲಿ ಇಟ್ಟು ಜೀನ್ ಓದುವ ಕೆಲಸವನ್ನು ಆ ಹಾಳೆಗಳು ತುಂಬಿದ ಮೇಲೆ ಮಾಡಿದರೂ ತಡವಾಗುವುದಿಲ್ಲ, ಡಿಎನ್‌ಎ ಬದಲಾಗುವುದಿಲ್ಲ. ಆರನೆಯ ವಾರದ ಚಳಕು ಹೇಗಿತ್ತೆಂದು ವರ್ಷದ ಮೇಲೆ ಕೇಳಿದರೆ ಹೇಳಲು ಯಾರಿಗೂ ಆಗುವುದಿಲ್ಲ.